ಸರ್ಪಗಂಧದ ಬೇರು

ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಮರಗಳ ನೆರಳನ್ನಾಶ್ರಯಿಸಿ ಬೆಳೆಯುವ ಸಣ್ಣ ಗಿಡವೊಂದುಂಟು, ಅದೇ ಸರ್ಪಗಂಧ. ಅದರ ಕಹಿಬೇರನ್ನು ನಮ್ಮ ಹಿರಿಯರು ಹಾವಿನ ಕಡಿತಕ್ಕೂ ಜ್ವರಕ್ಕೂ ನಿದ್ರಾನಾಶಕ್ಕೂ ಕೊಡುತ್ತಿದ್ದರು. ಬಿಹಾರದ ಜನರು ಇದನ್ನು ಹುಚ್ಚಿನ ಮದ್ದೆಂದೇ ಕರೆದರು. ಹಾವಿನ ವಿಷವನ್ನು ಇಳಿಸುವ ಶಕ್ತಿ ಇದಕ್ಕಿಲ್ಲ. ಆದರೆ ಉನ್ಮಾದದ ವಿಷಯದಲ್ಲಿ ಜನರ ಅನುಭವವು ಹುಸಿಯಾಗಲಿಲ್ಲ.

1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರು, ಈ ಬೇರು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಲು, ಹೊರಲೋಕವು ಕಣ್ದೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ಕೀರ್ತಿಯ ಬೆನ್ನಲ್ಲೇ ಎಚ್ಚರಿಕೆಯೂ ಬಂದಿತು. ಒತ್ತಡವನ್ನಿಳಿಸಲು ಈ ಮದ್ದನ್ನು ಸೇವಿಸಿದವರಲ್ಲಿ ಕೆಲವರು ಕಡುವಿಷಾದಕ್ಕೆ ಈಡಾದರೆಂದು 1950ರ ದಶಕದ ವೈದ್ಯರು ತಿಳಿಸಿದರು. ಒತ್ತಡವು ಮಿತಿಮೀರಿ ಇಳಿಯುವುದೂ ಅತಿಯಾದ ಮಂಪರೂ ಇದರ ದೋಷಗಳೇ. ಒಂದೊಂದು ಬೇರಿನಲ್ಲಿ ಸಾರವು ಒಂದೊಂದು ಪ್ರಮಾಣದಲ್ಲಿರುವುದರಿಂದ, ಮನೆಯಲ್ಲಿ ತೇಯ್ದು ಕುಡಿಯುವವರಿಗೆ ಅಳತೆಯೇ ದೊರೆಯದು.

ಆದುದರಿಂದ ಶ್ರೋತೃಗಳೇ, ಹಿರಿಯರ ಅರಿವನ್ನು ನಾವು ಗೌರವಿಸೋಣ. ಬೇರನ್ನು ಮಾತ್ರ ವೈದ್ಯರ ಕೈಗೇ ಬಿಡೋಣ.