ಒಳ್ಳೆ ಕೌರವ ಒಬ್ಬನಲ್ಲ, ಇಬ್ಬರು

ಇವತ್ತಿನ ಎಪಿಸೋಡ್ ಒಂದು ತಿದ್ದುಪಡಿಯಿಂದ ಶುರು. ಹಿಂದೊಮ್ಮೆ ಕುರುಕ್ಷೇತ್ರದ ಬಗ್ಗೆ ಮಾತಾಡ್ತಾ, ದ್ರೌಪದಿ ಪರ ಸಭೆಯಲ್ಲಿ ದನಿ ಎತ್ತಿದ ಕೌರವನೇ ಆಮೇಲೆ ಪಾಂಡವರ ಕಡೆ ಬಂದ ಅಂತ ಹೇಳಿದ್ದೆ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಣ್ಣಾ, ಇಬ್ಬರನ್ನ ಸೇರಿಸಿ ಒಬ್ಬನನ್ನ ಮಾಡಿಬಿಟ್ರಿ!" ಪುಸ್ತಕ ತೆಗೆದು ನೋಡಿದೆ. ತಪ್ಪು ನನ್ನದೇ.

ಸಭೆಯಲ್ಲಿ ಮಾತಾಡಿದವನು ವಿಕರ್ಣ. ಪಕ್ಷ ಬಿಟ್ಟು ಬಂದವನು ಯುಯುತ್ಸು. ಇಬ್ಬರೂ ಧೃತರಾಷ್ಟ್ರನ ಮಕ್ಕಳೇ, ಆದ್ರೆ ತಾಯಂದಿರು ಬೇರೆ.

ಮೊದಲು ವಿಕರ್ಣ, ಗಾಂಧಾರಿಯ ಮಗ. ಜೂಜಿನ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಭೀಷ್ಮರು ಧರ್ಮ ಸೂಕ್ಷ್ಮ ಅಂತ ಜಾರಿಕೊಂಡ್ರು. ದ್ರೋಣ, ಕೃಪರು ಬಾಯಿ ಬಿಡಲಿಲ್ಲ. ಆಗ ಎದ್ದವನು ಈ ಹುಡುಗ. ವಕೀಲನ ಹಾಗೆ ಪಾಯಿಂಟ್ ಹಾಕಿ ವಾದ ಮಾಡ್ತಾನೆ. ಜೂಜು ಒಂದು ವ್ಯಸನ, ಅದರಲ್ಲಿ ಮುಳುಗಿದವನು ಮಾಡಿದ್ದಕ್ಕೆ ಬೆಲೆ ಇಲ್ಲ. ದ್ರೌಪದಿ ಐವರಿಗೂ ಹೆಂಡತಿ, ಒಬ್ಬನೇ ಪಣಕ್ಕಿಡೋ ಹಾಗಿಲ್ಲ. ಯುಧಿಷ್ಠಿರ ತನ್ನನ್ನೇ ಮೊದಲು ಸೋತಿದ್ದ. ಅವಳ ಹೆಸರು ತೆಗೆದವನೂ ಶಕುನಿ. ಹಾಗಾಗಿ ಅವಳನ್ನು ಯಾರೂ ಗೆದ್ದಿಲ್ಲ ಅಂತ ತೀರ್ಪು ಕೊಡ್ತಾನೆ. ಸಭೆ ಅವನನ್ನು ಹೊಗಳುತ್ತೆ. ಆದ್ರೆ ಕರ್ಣ, ನೀನಿನ್ನೂ ಬಾಲಕ ಅಂತ ಗದರಿ ಸುಮ್ಮನಾಗಿಸ್ತಾನೆ.

ಇಷ್ಟಾದರೂ ವಿಕರ್ಣ ಅಣ್ಣಂದಿರನ್ನ ಬಿಡಲಿಲ್ಲ. ಯುದ್ಧದ 14ನೇ ದಿನ ಭೀಮನ ಕೈಯಲ್ಲಿ ಸಾಯ್ತಾನೆ. ನೂರೂ ಜನರನ್ನ ಕೊಲ್ತೀನಿ ಅಂತ ಶಪಥ ಮಾಡಿದ್ದ ಭೀಮ, ಇವನಿಗೋಸ್ಕರ ಅಲ್ಲೇ ನಿಂತು ದುಃಖ ಪಡ್ತಾನೆ.

ಇನ್ನು ಯುಯುತ್ಸು. ಗಾಂಧಾರಿ ಗರ್ಭಿಣಿಯಾಗಿದ್ದಾಗ ಧೃತರಾಷ್ಟ್ರನ ಸೇವೆಗಿದ್ದ ವೈಶ್ಯ ಹೆಂಗಸಿನ ಮಗ. ಆ ನೂರರ ಲೆಕ್ಕಕ್ಕೆ ಸೇರದವನು. ಭೀಮನ ಊಟಕ್ಕೆ ವಿಷ ಬೆರೆಸಿದ್ದಾರೆ ಅಂತ ಪಾಂಡವರಿಗೆ ಸುದ್ದಿ ಮುಟ್ಟಿಸಿದವನು ಇವನೇ. ಆದ್ರೆ ದ್ರೌಪದಿಯ ಪ್ರಶ್ನೆಗೆ ಉತ್ತರ ಕೊಡೋಕೆ ಎದ್ದವನು ಇವನಲ್ಲ.

ಭೀಷ್ಮಪರ್ವದಲ್ಲಿ ಗೀತೆ ಮುಗಿದ ತಕ್ಷಣದ ಅಧ್ಯಾಯ ನೋಡಿ. ಯುಧಿಷ್ಠಿರ ಎರಡು ಸೈನ್ಯಗಳ ನಡುವೆ ನಿಂತು, ನಮ್ಮ ಕಡೆ ಬರೋರು ಇದ್ದೀರಾ ಅಂತ ಕೂಗಿ ಕರೀತಾನೆ. ಎದುರು ಸೈನ್ಯದಿಂದ ದಾಟಿ ಬಂದವನು ಯುಯುತ್ಸು ಒಬ್ಬನೇ. ಯುಧಿಷ್ಠಿರ ಅವನಿಗೆ ಹೇಳೋ ಮಾತಿನ ಸಾರ ಇಷ್ಟು: ಧೃತರಾಷ್ಟ್ರನ ವಂಶದ ಎಳೆಯೂ ಅವನಿಗೆ ಸಿಗೋ ಪಿಂಡವೂ ಇನ್ನು ನಿನ್ನಲ್ಲೇ ಇದೆ.

ಹಾಗಾದ್ರೆ ಗೊಂದಲ ಯಾಕೆ? ಕೌರವರಲ್ಲಿ ದುರ್ಯೋಧನ, ದುಶ್ಶಾಸನ ಆದಮೇಲೆ ಮೂರನೇ ಹೆಸರು ಕೇಳಿದ್ರೆ ನಾವು ತಡವರಿಸ್ತೀವಿ. ಹೆಸರುಗಳೂ ಕಾಲಿಗೆ ತೊಡರುತ್ತವೆ. ಕ್ಷತ್ರಿಯ ತಂದೆ, ವೈಶ್ಯ ತಾಯಿಯ ಮಗ ಅನ್ನೋ ಅರ್ಥದಲ್ಲಿ ಆದಿಪರ್ವ ಯುಯುತ್ಸುವನ್ನ 'ಕರಣ' ಅನ್ನುತ್ತೆ. ಕರ್ಣ, ವಿಕರ್ಣ, ಕರಣ! ಗೀತೆಯ ಮೊದಲ ಶ್ಲೋಕದಲ್ಲಿ 'ಯುಯುತ್ಸವಃ' ಅಂತ ಬರುತ್ತಲ್ಲ, ಅದು ಇವನಲ್ಲ. ಯುದ್ಧ ಬಯಸಿ ಬಂದವರು ಅಂತ ಅದರ ಅರ್ಥ. ವಿಕರ್ಣ ಮಾತ್ರ ನಿಜವಾಗಿ ಅಲ್ಲಿದ್ದಾನೆ: 8ನೇ ಶ್ಲೋಕ, ದುರ್ಯೋಧನನ ವೀರರ ಪಟ್ಟಿಯಲ್ಲಿ.

ನಾನು ಬಿ.ಕಾಂ. ಓದಿದವನು. ಇಬ್ಬರ ಜಮೆಯನ್ನ ಒಂದೇ ಖಾತೆಗೆ ಬರೆದ್ರೆ ಕೊನೇ ಮೊತ್ತ ಸರಿ ಬರಬಹುದು, ಆದ್ರೆ ಯಾರು ಎಷ್ಟು ಕೊಟ್ಟರು ಅನ್ನೋದು ಅಳಿಸಿ ಹೋಗುತ್ತೆ. ನಾನು ಮಾಡಿದ್ದೂ ಅದೇ. ಸತ್ಯ ಹೇಳಿದ, ಪಕ್ಷ ಬಿಟ್ಟ, ಬದುಕಿ ಉಳಿದ: ಕೇಳೋಕೆ ಹಿತವಾದ ಕಥೆ. ಮಹಾಭಾರತ ಅಷ್ಟು ಸಲೀಸಾಗಿ ಬಿಡಲ್ಲ. ಮಾತಾಡಿದವನಿಗೆ ಮನೆಯವರನ್ನ ಬಿಡೋಕೆ ಆಗಲಿಲ್ಲ. ಬಿಟ್ಟು ಬಂದವನನ್ನ ಮನೆಯವರ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೊನೆಗೆ ಪಾಂಡವರು ರಾಜ್ಯ ಬಿಟ್ಟು ಹೊರಟಾಗ ಪರೀಕ್ಷಿತನ ಆಡಳಿತದ ಹೊಣೆ ಬಿದ್ದದ್ದು ಯುಯುತ್ಸು ಮೇಲೆ. ಅದಕ್ಕೂ ಮೊದಲು ಧೃತರಾಷ್ಟ್ರ ಕಾಡಿನಲ್ಲಿ ತೀರಿಕೊಂಡಾಗ ಪಾಂಡವರು ಇವನನ್ನ ಮುಂದೆ ನಿಲ್ಲಿಸಿಕೊಂಡೇ ತರ್ಪಣ ಬಿಟ್ಟರು. ನೂರರ ಲೆಕ್ಕಕ್ಕೆ ಸೇರದ ಮಗನೇ ಕಡೆಗೆ ಅಪ್ಪನಿಗೆ ನೀರು ಬಿಟ್ಟ.