ಮಹಾವೀರಾಚಾರ್ಯರ ಹೊಂಡದ ಲೆಕ್ಕ

ಭೀಮಾತೀರದ ನಮ್ಮ ಘತ್ತರಗಿಯ ಎರೆಭೂಮಿಯಲ್ಲಿ ಹೊಂಡ ತೋಡುವವರು ದಡಕ್ಕೆ ಇಳಿಜಾರು ಕೊಡಲೇಬೇಕು. ನೆಟ್ಟಗೆ ಕಡಿದರೆ ಮಳೆಗೆ ಕುಸಿಯುತ್ತದೆ. ಬಾಯಿ ದೊಡ್ಡದಾಗಿ ತಳ ಚಿಕ್ಕದಾದ ಇಂಥ ಹೊಂಡದ ಘನಫಲವನ್ನು, ಅಗೆದವನ ಕೂಲಿಗಾಗಿ, ಕಂಡುಹಿಡಿಯುವುದೆಂತು? ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿಯೇ ಇದಕ್ಕೆ ಉತ್ತರ ದೊರೆತಿತ್ತು. ಆ ಅರಸನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ ಮಹಾವೀರಾಚಾರ್ಯರು ಅಗೆತ, ಇಟ್ಟಿಗೆಯ ರಾಶಿ, ಮರ ಕೊಯ್ಯುವ ಕೆಲಸ ಇವುಗಳ ಲೆಕ್ಕಕ್ಕೆಂದೇ ‘ಖಾತವ್ಯವಹಾರ’ವೆಂಬ ಅಧ್ಯಾಯವನ್ನು ಮೀಸಲಿಟ್ಟರು. (1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು.)

ಮಕ್ಕಳೇ, ಹಾಳೆ ತೆಗೆದುಕೊಳ್ಳಿ. ಬಾಯಿ 12 ಮೀಟರ್ ಚೌಕ, ತಳ 6 ಮೀಟರ್ ಚೌಕ, ಆಳ 3 ಮೀಟರ್ ಎನ್ನೋಣ. ಬಾಹುಗಳ ಸರಾಸರಿ 9. ಅದರ ವರ್ಗವನ್ನು ಆಳದಿಂದ ಗುಣಿಸಿದರೆ 243 ಘನಮೀಟರ್. ಇದು ‘ಕರ್ಮಾಂತಿಕ’ ಫಲ. ಬಾಯಿ ಹಾಗೂ ತಳಗಳ ಕ್ಷೇತ್ರಫಲಗಳ ಸರಾಸರಿ 90. ಅದರಿಂದ ಬರುವುದು 270. ಇದು ‘ಔಂಡ್ರ’ ಫಲ. ಇವೆರಡರ ಅಂತರವಾದ 27ರಲ್ಲಿ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ, 252. ಇಂದಿನ ಭಿನ್ನಕದ ಸೂತ್ರದಿಂದಲೂ ಇಷ್ಟೇ ಬರುತ್ತದೆ. ಬರಿಯ ಬಾಹುಗಳ ಸರಾಸರಿಯ ಮೇಲೆ ಹಣ ತೀರಿಸಿದರೆ 9 ಘನಮೀಟರ್ ಮಣ್ಣಿಗೆ ಕೂಲಿಯೇ ಇಲ್ಲ.