ಕಡಲಹಕ್ಕಿ ಹಾಡಿದ ಬಿಸಿಲಿನ ಪಾಠ

"ಬಿಸಿಲಲ್ಲಿ ಆಡ್ಬೇಡ, ಕಪ್ಪಗಾಗ್ತೀಯ!" ಈ ಬೈಗುಳ ತಿನ್ನದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆಸ್ಟ್ರೇಲಿಯಾದ ಅಮ್ಮಂದಿರೂ ಹೀಗೇ ಬೈತಾರೆ, ಆದರೆ ಕಾರಣ ಬಣ್ಣವಲ್ಲ, ಕ್ಯಾನ್ಸರ್. ಅಲ್ಲಿ 70 ವರ್ಷ ತುಂಬುವುದರೊಳಗೆ ಪ್ರತಿ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಅನ್ನುವುದು ಅಲ್ಲಿನ ವೈದ್ಯರ ಲೆಕ್ಕ.

ಯಾಕೆ ಹೀಗೆ? ಆ ನೆಲದ ಮೂಲನಿವಾಸಿಗಳದ್ದು ಅಲ್ಲಿನ ಬಿಸಿಲಿಗೆ ಒಗ್ಗಿದ ಕಪ್ಪು ಚರ್ಮ. 1788ರಿಂದ ಹಡಗು ಹತ್ತಿ ಬಂದಿಳಿದವರದ್ದು ಮೋಡ ಮುಸುಕಿದ ಬ್ರಿಟನ್ನಿನ ಬಿಳಿ ಚರ್ಮ. ಚರ್ಮ ಅಲ್ಲಿಯದು, ಬಿಸಿಲು ಇಲ್ಲಿಯದು!

ಬಿಸಿಲಿಗೂ ಈ ರೋಗಕ್ಕೂ ನಂಟಿದೆ ಅಂತ ಜರ್ಮನಿಯ ಪೌಲ್ ಉನ್ನಾ 1894ರಲ್ಲೇ ನಾವಿಕರ ಚರ್ಮ ನೋಡಿ ಹೇಳಿದ್ದ. 1928ರಲ್ಲಿ ಲಂಡನ್ನಿನ ಫಿಂಡ್ಲೇ ಇಲಿಗಳ ಮೇಲೆ ನೇರಳಾತೀತ ಕಿರಣ ಬಿಟ್ಟು ಗಡ್ಡೆ ಬರಿಸಿಯೇ ತೋರಿಸಿದ. ತಮಾಷೆ ನೋಡಿ, ಅದೇ ದಶಕದಲ್ಲಿ ಯುರೋಪಿನ ಶ್ರೀಮಂತರಿಗೆ ಕಡಲ ತೀರದಲ್ಲಿ ಮೈ ಚಾಚಿ ಕಂದು ಬಣ್ಣಕ್ಕೆ ತಿರುಗುವ ಖಯಾಲಿ ಹತ್ತಿತು. ವಿಜ್ಞಾನದ ಮಾತು ಯಾರಿಗೆ ಬೇಕಿತ್ತು ಹೇಳಿ?

ಅದನ್ನು ಜನರ ಕಿವಿಗೆ ಹಾಕಿದ್ದು 1981ರ ಒಂದು ಟಿವಿ ಜಾಹೀರಾತು. ವಿಕ್ಟೋರಿಯಾದ ಕ್ಯಾನ್ಸರ್ ಕೌನ್ಸಿಲ್ ಮಾಡಿಸಿದ್ದು. ಸಿಡ್ ಅನ್ನುವ ಕಾರ್ಟೂನ್ ಕಡಲಹಕ್ಕಿ ಕುಣಿಯುತ್ತಾ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಅಂತ ಹಾಡುತ್ತದೆ. ಅಂಗಿ ತೊಟ್ಟುಕೊಳ್ಳಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ಟೋಪಿ ಹಾಕ್ಕೊಳ್ಳಿ, ಅಷ್ಟೇ. ಮೂರರಲ್ಲಿ ಎರಡು ನಮ್ಮ ಹೊಲದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ದುಡಿಯುವ ಯಾವ ರೈತನಿಗೂ ಗೊತ್ತಿದ್ದ ವಿದ್ಯೆಯೇ. ಮುಂದೆ 2007ರಲ್ಲಿ ನೆರಳು ಹುಡುಕಿ, ಕಪ್ಪು ಕನ್ನಡಕ ಹಾಕಿ ಅನ್ನುವ ಇನ್ನೆರಡು ಸೇರಿದವು.

ಮೂರನೆಯ ವಿದ್ಯೆ, ಆ ಸನ್‌ಸ್ಕ್ರೀನ್, ನಿಜಕ್ಕೂ ಕೆಲಸ ಮಾಡುತ್ತಾ? ಕ್ವೀನ್ಸ್‌ಲ್ಯಾಂಡಿನ ನಾಂಬೋರ್ ಅನ್ನುವ ಊರಿನ 1621 ಜನರನ್ನು ಆಡೆಲ್ ಗ್ರೀನ್ ಮತ್ತು ಸಂಗಡಿಗರು 1992ರಿಂದ 1996ರವರೆಗೆ ಪರೀಕ್ಷಿಸಿದರು. ಅರ್ಧ ಜನ ದಿನಾ ಹಚ್ಚಬೇಕು, ಉಳಿದವರು ಮನಸ್ಸು ಬಂದಂತೆ. ದಿನಾ ಹಚ್ಚಿದವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಗಡ್ಡೆಗಳು ಸುಮಾರು ಶೇ. 40ರಷ್ಟು ಕಡಿಮೆ. 2011ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಮಾರಕವಾದ ಮೆಲನೋಮ ಇವರಲ್ಲಿ 11 ಮಂದಿಗೆ, ಅವರಲ್ಲಿ 22 ಮಂದಿಗೆ ಬಂದಿತ್ತು. ಸಂಖ್ಯೆ ಸಣ್ಣದು, ನಿಜ. ಆದರೆ ಇದು ಕ್ರೀಮ್ ಮಾರುವವರ ಮಾತಲ್ಲ, ವರ್ಷಗಟ್ಟಲೆ ಒಂದು ಊರನ್ನು ಕಾದು ಕೂತು ತಿಳಿದದ್ದು. ನನಗೆ ಹಾಡಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ. ಸಿಡ್‌ನ ಹಾಡು ಕೇಳಿ ಬೆಳೆದ ತಲೆಮಾರಿನಲ್ಲಂತೂ ಮೆಲನೋಮ ಇಳಿಮುಖವಾಗಿದೆ.

ಹಾಗಾದರೆ ನಮ್ಮ ಕಥೆ? ಮೆಲ್ಬರ್ನ್, ಸಿಡ್ನಿಗಳಲ್ಲಿ ಕನ್ನಡದ ಕುಟುಂಬಗಳು ಎಷ್ಟೋ ಇವೆ. ಟೋಪಿ ಇಲ್ಲದಿದ್ದರೆ ಆಟವಿಲ್ಲ ಅನ್ನುವ ನಿಯಮ ಅಲ್ಲಿನ ಅನೇಕ ಶಾಲೆಗಳಲ್ಲಿದೆ, ಮಗುವಿನ ಬಣ್ಣ ಯಾವುದೇ ಇರಲಿ. ಆದರೆ 2024ರಲ್ಲಿ ಅಲ್ಲಿನ ತಜ್ಞರು ಒಟ್ಟಾಗಿ ಹೊಸ ಸಲಹೆ ಕೊಟ್ಟರು: ಎಲ್ಲ ಚರ್ಮಕ್ಕೂ ಒಂದೇ ಪಾಠ ಸಲ್ಲದು. ಕಡುಕಪ್ಪು ಚರ್ಮಕ್ಕೆ ಅಪಾಯ ಕಡಿಮೆ, ವಿಟಮಿನ್ ಡಿಗಾಗಿ ಬಿಸಿಲೇ ಹೆಚ್ಚು ಬೇಕು. ತಿಳಿಕಂದಿನವರು ನಡುವಿನವರು. ನಮ್ಮಲ್ಲಂತೂ ಒಂದೇ ಮನೆಯಲ್ಲಿ ಎರಡೂ ಬಣ್ಣ ಇರುತ್ತೆ, ಬಿಡಿ.

ಅಪಾಯ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಸಿಡ್ ಹಾಡಿದ ಅದೇ 1981ರ ಮೇ 11ರಂದು ಗಾಯಕ ಬಾಬ್ ಮಾರ್ಲಿ 36ನೇ ವಯಸ್ಸಿಗೇ ತೀರಿಕೊಂಡ. ಕಾಲ್ಬೆರಳಿನ ಉಗುರಿನ ಕೆಳಗೆ ಹುಟ್ಟಿದ ಮೆಲನೋಮ. ಮೊದಮೊದಲು ಫುಟ್‌ಬಾಲ್ ಆಡಿ ಆದ ಗಾಯ ಅಂದುಕೊಂಡಿದ್ದರು. ಈ ಬಗೆಯದು ಬಿಸಿಲಿಂದ ಬರುವುದಲ್ಲ, ಸನ್‌ಸ್ಕ್ರೀನ್‌ಗೆ ಬಗ್ಗುವುದೂ ಇಲ್ಲ. ಕಪ್ಪು, ಕಂದು ಮೈಯವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಅಲ್ಲಿ ಹೊಸದಾಗಿ ಕಂಡು ದೊಡ್ಡದಾಗುತ್ತಿರುವ ಕಪ್ಪು ಕಲೆಯಾಗಲಿ, ವಾಸಿಯಾಗದ ಹುಣ್ಣಾಗಲಿ ಇದ್ದರೆ ಏಟು ಬಿದ್ದಿರಬೇಕು ಅಂತ ಸುಮ್ಮನಿರದೆ ಚರ್ಮದ ಡಾಕ್ಟರಿಗೆ ತೋರಿಸಿ.